ಆಡು ತಿಂದ ಮುಖಪುಟ

ಕಾಲ ಮುಟ್ಟಿದ್ದಕ್ಕೆಲ್ಲ ಒಂದು ಗಾಂಭೀರ್ಯ ಬರುತ್ತದೆ. ಅದರ ಗುರುತನ್ನು ಅಳಿಸಲು ದೇವರಿಂದಲೂ ಆಗದು. ಆದರೆ ಹಾನಗಲ್ ಬಸ್ ನಿಲ್ದಾಣದ ಎದುರಿಗೆ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಶೋಭಾಗೆ ಅದು ಮೂರು ನಿಮಿಷದ ಕೆಲಸ. ಹೋದ ವಾರದಿಂದ ನಾನು ಆಕೆಯ ಮೇಲೆ ಉರಿಯುತ್ತಿದ್ದೇನೆ. ನಿವೃತ್ತ ಡ್ರಾಯಿಂಗ್ ಮಾಸ್ತರನ ಸಿಟ್ಟಿಗೆ ಊರಲ್ಲಿ ಯಾರೂ ಹೆದರುವುದಿಲ್ಲವೆಂದು ಗೊತ್ತಿದ್ದೂ ಉರಿಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ. ಅಲ್ಲಿ ಖಾದರಚಾಚಾ ಎಂಬವರು ಪತ್ತೇದಾರಿ ಕಾದಂಬರಿಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದರು. ಪುಸ್ತಕಗಳಿಗೆ ನಂಬರಿನ ಚೀಟಿ ಅಂಟಿಸಿಕೊಡುತ್ತಿದ್ದ ನನಗೆ ಸಂಬಳವಿರಲಿಲ್ಲ. ಹೊಸ ಪುಸ್ತಕದ ಮೊದಲ ಓದು ನನ್ನದು ಎಂಬ ಗೌರವವಿತ್ತು. ಒಂದು ದಿನ ‘ಏಳನೆಯ ಟಾರ್ಚು’ ಬಂತು. ಮುಖಪುಟದಲ್ಲಿ ಹ್ಯಾಟಿನ ಪತ್ತೇದಾರ, ಕೈಯಲ್ಲಿ ಟಾರ್ಚು, ಬೆಳಕಿನ ತುದಿಯಲ್ಲಿ ಹಸಿರು ಸೀರೆಯ ಹೆಂಗಸು. ಅಚ್ಚಿನಲ್ಲಿ ಕೆಂಪು ಬಣ್ಣ ಜಾರಿ ಆಕೆಯ ತುಟಿ ಗದ್ದದ ಮೇಲೆ ಮೂಡಿತ್ತು. ಅಷ್ಟು ಚೆಲುವಾದ ಗದ್ದವನ್ನು ನಾನು ಆಮೇಲೆ ಕಂಡಿಲ್ಲ. ಮುಖಪುಟವನ್ನು ಕಿತ್ತುಕೊಂಡೆ. ನಾಲ್ಕು ಮಡಚಿ ಕಂಪಾಸ್ ಡಬ್ಬಿಯಲ್ಲಿಟ್ಟೆ. ಎಣ್ಣೆಯಲ್ಲಿ ಕರಿದ ಸವಣೂರು ಖಾರಾ ತಿನ್ನುತ್ತ ದಿನಕ್ಕೆ ಹತ್ತು ಸಲ ತೆಗೆದು ನೋಡಿ, ಪತ್ತೇದಾರನ ಹ್ಯಾಟಿನ ಮೇಲೆ ನನ್ನ ಹೆಬ್ಬೆರಳಿನ ಎಣ್ಣೆ ಮೂಡಿಸಿದೆ. ಚಾಚಾಗೆ ಮಾತ್ರ, ಪುಸ್ತಕ ಒಯ್ಯುವಾಗ ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಆಡು ಬಾಯಿ ಹಾಕಿ ಮುಖಪುಟವನ್ನು ತಿಂದಿತೆಂದು ಹೇಳಿದೆ. ಅವರು ನನ್ನನ್ನು ನಂಬಿದರು. ಆಡಿನ ಒಡತಿಯಾದ ಪಕ್ಕದ ಓಣಿಯ ಹೆಣ್ಣುಮಗಳ ಜೊತೆ ಎರಡು ವರ್ಷ ಮಾತು ಬಿಟ್ಟರು. ನಾನು ಸುಮ್ಮನಿದ್ದೆ. ಆಡೂ ಸುಮ್ಮನಿತ್ತು.

ಕಿತ್ತ ಮುಖಪುಟ ಯಾವುದೋ ಮನೆ ರಿಪೇರಿಯಲ್ಲಿ ಹೋಯಿತು, ಪಾಪ ಮಾತ್ರ ಉಳಿಯಿತು. ಚಾಚಾಗೆ ಈಗ ಎಂಬತ್ತು ದಾಟಿದೆ. ಬಾಡಿಗೆ ಪುಸ್ತಕದ ಕಾಲ ಮುಗಿದರೂ ಆ ಬೋಳು ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ಅದೇ ಮುಖಪುಟವನ್ನು ನೆನಪಿನಿಂದ ಬರೆದುಕೊಟ್ಟು, ಬಾಯಿ ಬಿಡದೆಯೇ ಪಾಪ ತೊಳೆದುಕೊಳ್ಳೋಣ ಎಂದು ನಾನು ಉಪಾಯ ಹೂಡಿದೆ. ಅದಕ್ಕಾಗಿ ಟ್ಯಾಬ್ಲೆಟ್ ಕೊಂಡೆ, ಅದರ ಪೆನ್ನು ಹಿಡಿಯಲು ಕಲಿತೆ. ಚಿತ್ರ ಬರೆಯಲು ಬೇಕಾದದ್ದು ಎಂಟು ದಿನ, ಅದನ್ನು ಹಳೆಯದು ಮಾಡಲು ಒಂದು ತಿಂಗಳು. ಒಂದು ಪದರಿನಲ್ಲಿ ಹಳದಿ ಬಿದ್ದ ಕಾಗದ, ಇನ್ನೊಂದರಲ್ಲಿ ಜಾರಿದ ಕೆಂಪು, ಮತ್ತೊಂದರಲ್ಲಿ ಮಡಿಕೆಯ ಗೆರೆಗಳು. ಎಣ್ಣೆಯ ಕಲೆಗಾಗಿ ನಿಜವಾದ ಖಾರಾ ತಂದು, ತಿಂದು, ಹೆಬ್ಬೆರಳನ್ನು ಕಾಗದಕ್ಕೆ ಒತ್ತಿ, ಅದರ ಫೋಟೊ ತೆಗೆದು ಹ್ಯಾಟಿನ ಮೇಲೆ ಕೂಡಿಸಿದೆ.

ನನ್ನ ಹೆಂಡತಿ ಟ್ಯಾಬ್ಲೆಟ್ಟಿಗೆ, ಅದು ಮಕ್ಕಳ ಸ್ಲೇಟೆಂಬಂತೆ, ಪಾಟಿ ಎನ್ನುತ್ತಾಳೆ. “ಮಂದಿ ಹಳೇದನ್ನ ಹೊಸಾದು ಮಾಡ್ತಾರ, ನೀವು ತಿಂಗಳಗಟ್ಲೆ ಕುಂತು ಹೊಸಾದನ್ನ ಹಳೇದು ಮಾಡಾಕತ್ತೀರಿ. ಅದಕ್ಕ ಪಾಟಿ ಯಾಕ ಬೇಕ್ರಿ? ಅಡಗಿ ಮನ್ಯಾಗ ಒಂದು ದಿನ ಇಡ್ರಿ, ತಾನ ಆಕ್ಕೈತಿ” ಎಂದಳು. ಕಲೆಯ ವಿಷಯದಲ್ಲಿ ನಾನು ಮನೆಯವರೊಂದಿಗೆ ಚರ್ಚೆಗಿಳಿಯುವುದಿಲ್ಲ, ಸೋಲುತ್ತೇನೆ.

ಚಿತ್ರವನ್ನು ಶೋಭಾಳ ಅಂಗಡಿಗೆ ಕೊಟ್ಟು, ಮರುದಿನ ತರಲು ಹೋದೆ. ನನ್ನ ಹಳೆಯ ವಿದ್ಯಾರ್ಥಿನಿ. ನಗುನಗುತ್ತ ಹಾಳೆ ಎತ್ತಿ ತೋರಿಸಿದಳು. ಕಾಗದ ಹಾಲಿನಂತಿತ್ತು. ಮಡಿಕೆ ಇಲ್ಲ, ಎಣ್ಣೆ ಇಲ್ಲ. ತುಟಿ ತುಟಿಯ ಜಾಗದಲ್ಲೇ ಇತ್ತು.

“ಸರ್ರ, ನಿಮ್ಮ ಫೋಟೊ ಭಾಳ ಹೊಲಸಾಗಿತ್ರಿ. ಎಲ್ಲಾ ಸ್ವಚ್ಛ ಮಾಡೇನಿ. ಆ ಹಸರ ಸೀರಿ ಬಾಯಾರ ತುಟಿ ಗದ್ದಕ್ಕ ಇಳದಿತ್ತು, ಮ್ಯಾಲೆ ತಂದೇನಿ.”

“ಸ್ವಚ್ಛ ಮಾಡಂತ ನಿನಗ ಯಾರ ಹೇಳಿದ್ರವ್ವಾ?” ನನ್ನ ದನಿ ಬಸ್ ನಿಲ್ದಾಣಕ್ಕೆ ಕೇಳಿಸಿರಬೇಕು.

“ಹೇಳಬೇಕೇನ್ರಿ? ಮದುವಿ ಕಾರ್ಡಿನ ಮ್ಯಾಲೆ ಯಾರರ ಎಣ್ಣಿ ಕಲಿ ಬಿಡ್ತಾರೇನು?”

“ಅದು ಮದುವಿ ಕಾರ್ಡಲ್ಲ! ಕೊಲಿ ಕಾದಂಬರಿ!”

“ಕೊಲಿ ಆದ್ರೂ ನಾಕು ಮಂದಿ ನೋಡೂದೈತೆಲ್ರಿ.” ಆಕೆಗೂ ಈಗ ಬೇಸರ ಬಂದಿತ್ತು. “ರಬ್ಬರ್ ಹಚ್ಚಿ ನೀಟಾಗಿ ಅಳಸು, ಹಾಳಿ ಹೊಲಸು ಮಾಡಬ್ಯಾಡ ಅಂತ ಮೂರು ವರ್ಷ ಬೆನ್ನಿಗೆ ಗುದ್ದಿ ಕಲಿಸಿದವರು ಯಾರ್ರಿ?”

ಕಲಿಸಿದವನು ನಾನೇ, ಆದ್ದರಿಂದ ಇನ್ನಷ್ಟು ಸಿಟ್ಟು ಬಂತು. ಒಂದು ಗೆರೆಯನ್ನೂ ಮುಟ್ಟದೆ, ಇದ್ದದ್ದನ್ನು ಇದ್ದ ಹಾಗೆ ಮತ್ತೊಂದು ಪ್ರತಿ ತೆಗೆಯಲು ಹೇಳಿ, ತೆಗೆಯುವ ತನಕ ಪಕ್ಕದಲ್ಲೇ ಕಾವಲು ನಿಂತೆ. “ಹೊಲಸಿಂದು ಒಯ್ಯಬ್ಯಾಡ್ರಿ ಸರ್ರ, ನಿಮಗ ಕೆಟ್ಟ ಹೆಸರು ಬರ್ತೈತಿ” ಎಂದು ಆಕೆ ಅಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಸ್ವಚ್ಛ ಮಾಡಿದ್ದನ್ನೂ ಜೊತೆಗೆ ತೆಗೆದುಕೊಂಡೆ. ಈ ಕಾಲ ಎಷ್ಟು ಕೆಟ್ಟಿದೆಯೆಂದು ಚಾಚಾಗೆ ತೋರಿಸಲು ಪುರಾವೆ ಬೇಕಿತ್ತು.

ಶುಕ್ರವಾರ ಹೊರಟೆ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ ವೃತ್ತದ ತುಂಬ ಹುಟ್ಟುಹಬ್ಬದ ಬ್ಯಾನರುಗಳಿದ್ದವು. ಬಿಸಿಲಲ್ಲಿ ದುಡಿದು ಕಪ್ಪಾದ ಗಂಡಸರೆಲ್ಲ ಅವುಗಳಲ್ಲಿ ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗೆ ನಿಂತಿದ್ದರು. ಒಂದು ಜಿಲ್ಲೆಯನ್ನೇ ರಬ್ಬರ್ ಹಚ್ಚಿ ಅಳಿಸಿದ್ದಾರಲ್ಲ ಎಂದು ಹಲ್ಲು ಕಡಿಯುತ್ತ ಸವಣೂರು ಮುಟ್ಟಿದೆ.

ಚಾಚಾ ನಮಾಜು ಮುಗಿಸಿ ಬಂದು ಕುಳಿತಿದ್ದರು. “ಬಾ ಮಾಸ್ತರ, ಕುಂದರು” ಎಂದರು. ನಾನು ಮೊದಲು ಶೋಭಾಳ ಪ್ರತಿಯನ್ನು ಬಿಚ್ಚಿ, ಆಕೆಯನ್ನೂ, ಯಂತ್ರಗಳನ್ನೂ, ಇಡೀ ಶತಮಾನವನ್ನೂ ಬೈದೆ. ಆಮೇಲೆ ನನ್ನದನ್ನು ಬಿಚ್ಚಿದೆ. “ಇದು ನೋಡ್ರಿ ಚಾಚಾ, ಖರೇ ಮುಖಪುಟ. ಒಂದು ಗೆರಿನೂ ಬಿಟ್ಟಿಲ್ಲ.”

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬಂತು. ಎರಡು ತಾಲೂಕಿನ ಸಿಟ್ಟು ಸಾರ್ಥಕವಾಯಿತೆಂದುಕೊಂಡೆ.

“ಈ ನಡಬರಕ ಗೆರಿ ಏನೋ?”

“ಮಡಿಕಿ ಚಾಚಾ. ಅಡ್ಡ ಒಂದು, ಉದ್ದ ಒಂದು. ಹಂಗ ಇತ್ತಲ್ಲ!” ಎಂದೆ, ಹೆಮ್ಮೆಯಿಂದ.

ಚಾಚಾ ಭೂತಗನ್ನಡಿ ಕೆಳಗಿಟ್ಟರು. “ನಾ ಕೊಟ್ಟಾಗ ಪುಸ್ತಕ ಕೋರಾ ಹೊಸಾದಿತ್ತು. ದಾರ್ಯಾಗ ಆಡು ತಿಂತು ಅಂದಿ. ಹೌದಿಲ್ಲೋ?”

“ಹೌದ್ರಿ.”

“ತಿನ್ನೂಕಿಂತ ಮೊದಲ ನಾಕು ಮಡಚಿತ್ತೇನು ಅದು?”

ನಾನು ಓದಿದ ನೂರಾರು ಕಾದಂಬರಿಗಳಲ್ಲಿ ಕೊಲೆಗಾರ ಏನಾದರೊಂದು ಗುರುತು ಬಿಟ್ಟು ಸಿಕ್ಕಿಬೀಳುತ್ತಿದ್ದ. ಬೆರಳಚ್ಚನ್ನು ಒಂದು ತಿಂಗಳು ಕುಳಿತು ತಾನೇ ತಯಾರಿಸಿ, ಅದನ್ನು ಅಳಿಸಿಕೊಟ್ಟವಳ ಜೊತೆ ಜಗಳವಾಡಿ, ಎರಡು ಬಸ್ಸು ಹತ್ತಿ ತಂದೊಪ್ಪಿಸಿದವನು ಯಾವ ಕಾದಂಬರಿಯಲ್ಲೂ ಇರಲಿಲ್ಲ.

ಆಡಿನ ಒಡತಿ ಈಗಿಲ್ಲ. ಚಾಚಾ ನನ್ನನ್ನು ಪಕ್ಕದ ಓಣಿಗೆ ಕರೆದೊಯ್ದು ಆಕೆಯ ಮಗಳ ಮುಂದೆ ನಿಲ್ಲಿಸಿದರು, ಕ್ಷಮೆ ಕೇಳಿದೆ. ಮನೆಗೆ ಮರಳಿ ಚಾಚಾ ಪುಸ್ತಕಕ್ಕೆ ಶೋಭಾಳ ಪ್ರತಿಯನ್ನು ಅಂಟಿಸಿದರು. ನನ್ನದನ್ನು ನಾಲ್ಕು ಮಡಚಿ ನನ್ನ ಜೇಬಿನಲ್ಲಿಟ್ಟರು.