ಭೂಗೋಳದ ಮೇಷ್ಟ್ರ ಮಣ್ಣಿಲ್ಲದ ತೋಟ

"ಮಣ್ಣು ಅನ್ನೋದು ಹಳೇ ಕಾಲದ ಚಟ!" ಎಂದು ಭೂಗೋಳದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟಿ ಘೋಷಿಸಿದರು. ಇಪ್ಪತ್ತೆಂಟು ವರ್ಷ ಕಪ್ಪು ಮಣ್ಣು, ಕೆಂಪು ಮಣ್ಣು, ಮೆಕ್ಕಲು ಮಣ್ಣು ಎಂದು ಮಕ್ಕಳ ತಲೆ ತಿಂದವರು ಇವರೇ. ಹೈಡ್ರೋಪೋನಿಕ್ಸಿನ ಒಂದು ವಿಡಿಯೋ ನೋಡಿದ್ದೇ ತಡ, ಮಣ್ಣಿನ ಋಣ ಹರಿದುಕೊಂಡುಬಿಟ್ಟಿದ್ದರು! "ಆರು ವಾರ ಬಿಟ್ಟು ನಮ್ಮನೆಗೆ ಊಟಕ್ಕೆ ಬನ್ನಿ ಮೇಡಂ. ನೀರಲ್ಲೇ ಬೆಳೆದ ಲೆಟಿಸ್ ಸೊಪ್ಪು ತಿನ್ನಿಸ್ತೀನಿ."

"ಬೆಳೆದು ತೋರಿಸಿ, ಶಾಲೆಯ ತಾರಸಿಯನ್ನೇ ನಿಮಗೆ ಬಿಟ್ಟುಕೊಡ್ತೀನಿ" ಎಂದರು ಹೆಡ್‌ಮೇಡಂ.

ಶಾಲೆಯ ತಾರಸಿ! ಅಲ್ಲಿ ಮಕ್ಕಳನ್ನು ಕಟ್ಟಿಕೊಂಡು ತೋಟ ಮಾಡಬೇಕೆಂಬುದು ಮೇಷ್ಟ್ರ ಎಷ್ಟೋ ವರ್ಷಗಳ ಆಸೆ. ಅವರು ಮನೆಗೆ ಬಂದ ಹುರುಪಿಗೆ ಬಾಲ್ಕನಿಯ ಕಟ್ಟೆಯ ಮೇಲಿದ್ದ ಹೆಂಡತಿಯ ಹನ್ನೊಂದು ಕುಂಡಗಳು ನೆಲಕ್ಕಿಳಿದವು. ಮೇಲೆ ಮೂರು ಬಿಳಿ ಪೈಪುಗಳು ಸಾಲಾಗಿ ಏರಿದವು. ಪೈಪಿಗೆ ತೂತು, ತೂತಿಗೊಂದು ಜಾಲರಿ ಬಟ್ಟಲು, ಕೆಳಗೆ ಬಕೆಟ್, ಬಕೆಟ್ಟಿನಲ್ಲಿ ಗೊಬ್ಬರ ಕರಗಿಸಿದ ನೀರು, ನೀರನ್ನು ಮೇಲೆತ್ತಲು ಪಂಪು.

"ನನ್ನ ಗಿಡಗಳೇನ್ರೀ ಪಾಪ ಮಾಡಿದ್ವು?" ಎಂದರು ಹೆಂಡತಿ.

"ಅವು ಹಿಂದಿನ ಶತಮಾನ. ಸ್ವಲ್ಪ ಪಕ್ಕಕ್ಕಿರಲಿ."

ಮೇಷ್ಟ್ರದು ಅಚ್ಚುಕಟ್ಟಿನ ಕೈ. ಭೂಪಟದಲ್ಲಿ ಗೆರೆ ಒಂದು ಕೂದಲು ಸೊಟ್ಟಗಾದರೂ ಅಂಕ ಕತ್ತರಿಸುವ ಜೀವ. ಮೇಸ್ತ್ರಿಯಿಂದ ರಸಮಟ್ಟ ಬೇಡಿ ತಂದು, ಇಡೀ ಭಾನುವಾರ ಕಣ್ಣು ಕಿರಿದು ಮಾಡಿ, ಅದರೊಳಗಿನ ಗಾಳಿಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಪೈಪುಗಳನ್ನು ಕಟ್ಟಿದರು. "ನೋಡೇ, ಸಮುದ್ರಮಟ್ಟಾನೂ ಇಷ್ಟು ಸಮ ಇರಲ್ಲ!"

ಮೂರನೆಯ ವಾರ ಸಸಿಗಳನ್ನು ಬಟ್ಟಲುಗಳಲ್ಲಿ ಕೂರಿಸಿ ಸ್ವಿಚ್ ಒತ್ತಿದರು. ನೀರು ಮೊದಲ ಪೈಪಿಗೆ ನುಗ್ಗಿತು. ಅಲ್ಲಿಂದ ಮುಂದಕ್ಕೆ ಹೋಗಲು ಅದಕ್ಕೇನೂ ಅವಸರವಿರಲಿಲ್ಲ. ಪಂಪಿಗಿತ್ತು! ಪೈಪು ತುಂಬಿ ಪ್ರತಿ ತೂತಿನಿಂದಲೂ ಉಕ್ಕಿತು, ಸಸಿಗಳು ಬಟ್ಟಲು ಸಮೇತ ಧುಮುಕಿದವು. ಒಂದಷ್ಟು ಹೆಂಡತಿಯ ಕುಂಡಗಳಿಗೆ ಬಿದ್ದವು, ಎರಡು ನೇರವಾಗಿ ಕೆಳಮನೆಗೆ ಹೋದವು.

"ಯಾರ್ರೀ ಅದು ಮೇಲೆ?" ಎಂದು ಕೂಗಿದರು ಕೆಳಮನೆಯ ದರ್ಜಿ. "ಒಣಗಿಸಿದ ಕೋಟಿನ ಜೇಬಲ್ಲಿ ಸೊಪ್ಪು ಬೆಳೀತಿದೆ!"

ಹೆಂಡತಿ ಸ್ವಿಚ್ ಆರಿಸಿ ನಿಧಾನವಾಗಿ ಕೇಳಿದರು: "ರೀ, ನದಿ ಯಾಕೆ ಹರಿಯುತ್ತೆ?"

"ಭೂಮಿಯ ಇಳಿಜಾರಿನಿಂದ" ಎಂದರು ಮೇಷ್ಟ್ರು ತೊಟ್ಟಿಕ್ಕುತ್ತಲೇ. "ಎರಡು ಅಂಕದ ಪ್ರಶ್ನೆ ಅದು, ಪ್ರತಿ ವರ್ಷ ನಾನೇ..." ಅವರ ಕಣ್ಣು ಸಮಮಟ್ಟಕ್ಕೆ ಕಟ್ಟಿದ ಪೈಪುಗಳ ಮೇಲೆ ಬಿತ್ತು.

ಪೈಪಿನ ಒಂದು ತುದಿ ಇಳಿಯಿತು, ನೀರು ಹರಿಯಿತು. ಆದರೆ ಪೈಪಿನಲ್ಲಿ ಉಳಿದ ನಾಲ್ಕು ಸಸಿಗಳು ಜ್ವರದಿಂದೆದ್ದ ಮಕ್ಕಳ ಹಾಗೆ ಇದ್ದವು. ಊಟದ ದಿನ ಮೇಷ್ಟ್ರು ಎಣಿಸಿದರು. ಅಂಗೈಯಗಲದ ಎಲೆ ಆರು! ತಾರಸಿ ಕೈತಪ್ಪಿತೆಂದುಕೊಂಡರು. ಅಷ್ಟರಲ್ಲಿ ಹೆಂಡತಿ ದೊಡ್ಡ ಬೋಗುಣಿಯ ತುಂಬ ಹಚ್ಚಹಸಿರು ಲೆಟಿಸ್ ತಂದಿಟ್ಟರು.

"ಎಲ್ಲಿಂದ ಬಂತೇ?"

"ಬಿದ್ದವನ್ನ ಎತ್ತಿ ಕುಂಡದಲ್ಲಿ ನೆಟ್ಟಿದ್ದೆ. ಈಗ ಬಾಯಿ ಮುಚ್ಕೊಂಡು ಬಡಿಸಿ."

ಹೆಡ್‌ಮೇಡಂ ಬಂದರು, ತಿಂದರು, ತಲೆದೂಗಿದರು. "ಅಬ್ಬಾ, ಮಣ್ಣಿನ ಸೋಂಕೇ ಇಲ್ಲದ ರುಚಿ!" ಎಂದು ಇನ್ನೊಂದು ಎಲೆ ಬಾಯಿಗಿಟ್ಟರು. ಕರಕ್ ಎಂದಿತು. ಮೇಡಂ ನಾಲಗೆಯ ತುದಿಯಿಂದ ಒಂದು ಮರಳಿನ ಕಣ ತೆಗೆದು ತಟ್ಟೆಯಂಚಿಗಿಟ್ಟು ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ರಸಮಟ್ಟದಿಂದ ಹಿಡಿದು ದರ್ಜಿಯ ಕೋಟಿನವರೆಗೆ ಎಲ್ಲವನ್ನೂ ಒಪ್ಪಿಕೊಂಡರು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತಾರಸಿ ಕೊಟ್ಟೆ. ಆದರೆ ನಿಮಗಲ್ಲ, ನಿಮ್ಮ ಮನೆಯವರಿಗೆ!"

"ಹಾಗಾದ್ರೆ ನಾನು?" ಮೇಷ್ಟ್ರ ದನಿ ಹಿಂದಿನ ಬೆಂಚಿನ ಹುಡುಗನದಾಗಿತ್ತು.

ಹೆಂಡತಿ ಅವರ ತಟ್ಟೆಗೆ ಎರಡೆಲೆ ಹೆಚ್ಚಾಗಿ ಬಡಿಸಿದರು. "ಅರ್ಧ ತಾರಸಿ ಪೈಪಿಗೂ ಇರಲಿ ಮೇಡಂ. ಕಟ್ಟೋಕೆ ಇವರನ್ನೇ ಹಾಕಿ. ಆ ಎರಡು ಅಂಕದ ಪ್ರಶ್ನೆಗೆ ಈಗ ಇವರಿಗೂ ಉತ್ತರ ಬರುತ್ತೆ."