ಹನ್ನೆರಡನೇ ಸೂಜಿ

ಬೆಳಿಗ್ಗೆ ಎಂಟೂವರೆಗೆ ಕೋಣೆ ಗುಡಿಸಲು ಬಂದ ಕಂಪೌಂಡರು ಸೂಜಿದಿಂಬನ್ನು ಕೈಗೆತ್ತಿಕೊಂಡು ಸುಮ್ಮನೆ ಎಣಿಸಿದರು. ಹನ್ನೊಂದು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಹನ್ನೊಂದು. ಬಲದಿಂದ ಎಡಕ್ಕೆ ಎಣಿಸಿದರೆ ಒಂದು ಹೆಚ್ಚಾದೀತೇನೋ ಎಂಬ ಆಸೆಯಿಂದ ಹಾಗೂ ಎಣಿಸಿ ನೋಡಿದರು. ಸೂಜಿಗಳಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಹನ್ನೊಂದೇ ಇದ್ದವು.



ಆ ಮೂರಂತಸ್ತಿನ ಮನೆಯ ಕೆಳಗಿನ ಕೋಣೆಯಲ್ಲಿ ದಿನಾ ಸಂಜೆ ಐದಕ್ಕೆ ನಾಲ್ಕು ಜನ ಸೇರಿ ಕೌದಿ ಹೊಲಿಯುತ್ತಿದ್ದರು. ಹಳೇ ಅಂಗಿ, ಕಿಟಕಿಯ ಪರದೆ, ಮಕ್ಕಳಿಗೆ ಗಿಡ್ಡವಾದ ಲಂಗ, ಎಲ್ಲವೂ ಅಲ್ಲಿ ಅಂಗೈಯಗಲದ ಚೌಕವಾಗಿ, ಒಂದರ ಪಕ್ಕ ಒಂದು ಕೂತು ಹೊಸ ಬಾಳು ಶುರುಮಾಡುತ್ತಿದ್ದವು. ಕಂಪೌಂಡರು ಔಷಧಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಮಾತ್ರೆ ಎಣಿಸುವವರು. ಬಾಗಿಲು ಬಡಿದರೆ ಬೆಚ್ಚುವ, ಫೋನು ಬಂದರೆ ಬೆವರುವ ಪ್ರಾಣಿ. ಡಾಕ್ಟರು, "ಕೈಗೊಂದು ಕೆಲಸ ಹಚ್ಕೊಳ್ಳಿ, ಎದೆ ಬಡಿತ ತಾನಾಗೇ ಇಳಿಯುತ್ತೆ" ಎಂದಿದ್ದರಿಂದ ಇಲ್ಲಿಗೆ ಬಂದರು. ಬಂದಮೇಲೆ ರುಚಿ ಹತ್ತಿತು. ಮೊದಲು ಸುತ್ತಲೂ ಗೂಟಗಳಿರುವ ದುಂಡನೆಯ ಪುಟ್ಟ ಮಗ್ಗದ ಮೇಲೆ ಉಲ್ಲನ್ ಟೋಪಿ ಹೆಣೆದರು. ದಾರವನ್ನು ಗೂಟದಿಂದ ಗೂಟಕ್ಕೆ ಸುತ್ತುತ್ತ ಹೋಗುವುದು, ಕೊಕ್ಕೆಯಿಂದ ಕೆಳಗಿನ ಎಳೆಯನ್ನು ಮೇಲಿನ ಎಳೆಯ ಮೇಲೆ ದಾಟಿಸುವುದು, ಅಷ್ಟೇ. ಒಂದು ಸುತ್ತು ಮುಗಿಯುವಷ್ಟರಲ್ಲಿ ಜಗತ್ತಿನಲ್ಲಿ ಹೆದರುವಂಥದ್ದು ಏನೂ ಇಲ್ಲ ಅನ್ನಿಸುತ್ತಿತ್ತು. ಆಮೇಲೆ ಸೂಜಿ ಹಿಡಿದರು. ಬಟ್ಟೆಯೊಳಗೆ ಸೂಜಿ ಮುಳುಗಿ ಟುಕ್ ಎಂದು ಮೇಲೇಳುವ ಆ ಸಣ್ಣ ಸದ್ದಿಗೆ ಅವರು ಸೋತೇ ಹೋದರು.

ಗುಂಪಿಗೆ ಮುಂದಾಳು ಟೀಚರಮ್ಮ. ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು, ದನಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಅವರದೊಂದೇ ಕಟ್ಟುನಿಟ್ಟು: ಸೂಜಿ ಎಣಿಸದೆ ಕೌದಿ ಹೊಸಿಲು ದಾಟಬಾರದು. ಹತ್ತಿ ತುಂಬಿದ ಕೌದಿಯೊಳಗೆ ಸೂಜಿ ಹೊಕ್ಕಿತೆಂದರೆ ಯಾರ ಬೆನ್ನಿಗೆ ಯಾವಾಗ ಏಳುತ್ತದೋ ಹೇಳುವವರಿಲ್ಲ. ಮಾತ್ರೆ ಎಣಿಸುವ ಕೈಯೆಂದು ಆ ಕೆಲಸವನ್ನು ಕಂಪೌಂಡರಿಗೇ ಒಪ್ಪಿಸಿದ್ದರು. ಸಂಜೆ ಎಲ್ಲರೂ ಸೂಜಿ ಚುಚ್ಚಿಟ್ಟ ಮೇಲೆ ಅವರು "ಹನ್ನೆರಡು!" ಎಂದು ಕೂಗಬೇಕು. ಆಮೇಲೇ ಕೌದಿ ಮಡಿಸುವುದು.

ನಿನ್ನೆಯೂ ಕೂಗಿದ್ದರು. ಎಣಿಸಿದ್ದರೇ? ಅದೇ ನೆನಪಾಗಲೊಲ್ಲದು. ಬಾಯಿ ತನ್ನ ಪಾಡಿಗೆ ತಾನು ಕೂಗಿತ್ತು.

ನಿನ್ನೆಯ ಕೌದಿ ಹೋದದ್ದು ಎದುರು ಬೀದಿಯ ನರ್ಸಮ್ಮನ ಮನೆಗೆ. ಅವರ ಮಗುವಿಗೆ ಇನ್ನೂ ಇಪ್ಪತ್ತೆರಡು ದಿನ.

"ಅಯ್ಯಯ್ಯೋ" ಎಂದು ಕಂಪೌಂಡರು ಕೋಣೆಯ ನೆಲವನ್ನೆಲ್ಲ ಅಂಗೈಯಲ್ಲಿ ಸವರಿದರು. ಚಾಪೆ ಕೊಡವಿದರು. ಎರಡು ಗುಂಡಿ, ಒಂದು ಸೀಮೆಸುಣ್ಣದ ತುಂಡು ಸಿಕ್ಕಿತು. ಟೀಚರಮ್ಮನಿಗೆ ಹೇಳುವುದೆ? ಅದೊಂದು ಬೇಡ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಯಾವತ್ತಿನಂತೆ ಚೌಕಟ್ಟಿನ ಮೇಲಿಟ್ಟು ಹೊರಬಿದ್ದರು. ಪುಣ್ಯಕ್ಕೆ ಅಂಗಡಿಗೆ ಅವತ್ತು ವಾರದ ರಜೆ.

ಮೆಟ್ಟಿಲ ಮೇಲೆ ಮಹಡಿ ಅಜ್ಜಿ ಸಿಕ್ಕರು. ಗುಂಪಿನಲ್ಲೆಲ್ಲ ದೊಡ್ಡವರು, ಎಂಬತ್ತು ದಾಟಿದರೂ ಸೂಜಿಗೆ ದಾರ ತಾವೇ ಪೋಣಿಸುವವರು.

"ಏನೋ ಮಗಾ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?"

ಕಂಪೌಂಡರಿಗೆ ತಡೆಯಲಾಗಲಿಲ್ಲ. "ಅಜ್ಜಿ, ಯಾರಿಗೂ ಹೇಳಬೇಡಿ. ಒಂದು ಸೂಜಿ ಕಡಿಮೆ ಇದೆ."

"ಅಷ್ಟೇನಾ? ಅದಕ್ಯಾಕಪ್ಪಾ ಇಷ್ಟು ಸಂಕಟ? ಹೋಗು, ಹೋಗು. ಸರಿಹೋಗುತ್ತೆ" ಎಂದು ಅಜ್ಜಿ ಬೆನ್ನು ತಟ್ಟಿದರು.

ರಸ್ತೆ ದಾಟುವಾಗ ಬೇಕರಿಯಕ್ಕ ಕೂಗಿದರು. ಅವರೂ ಗುಂಪಿನವರೇ. ಬನ್ನಿನ ಹಿಟ್ಟು ನಾದುವ ಕೈಯಲ್ಲೇ ಹೊಲಿಗೆ ಹಾಕುವುದರಿಂದ ಅವರ ಚೌಕಗಳು ಕೊಂಚ ಉಬ್ಬಿಕೊಂಡಿರುತ್ತಿದ್ದವು.

"ಕಂಪೌಂಡರೇ! ಸಾಲ ಕೊಟ್ಟೋನ್ನ ಕಂಡೋರ ಥರ ಎಲ್ಲಿಗೆ ಓಟ?"

ಅವರಿಗೂ ಹೇಳಬೇಕಾಯಿತು. ಗುಟ್ಟು ಎಂದರು, ಕೈ ಮುಗಿದರು.

"ಅಯ್ಯೋ, ನನ್ನ ಬಾಯಿಂದ ಹೊರಗೆ ಬೀಳಲ್ಲ, ಹೋಗಿ" ಎಂದರು ಬೇಕರಿಯಕ್ಕ, ಬೀದಿಯ ಕೊನೆಯವರೆಗೂ ಕೇಳುವಂತೆ.

ನರ್ಸಮ್ಮನ ಮನೆಯ ಬಾಗಿಲು ತೆಗೆದವರು ಅವರ ಅತ್ತೆ. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಬಾಗಿಲೇ ಇನ್ನೊಮ್ಮೆ ಮುಚ್ಚಿದ ಹಾಗೆ.

"ಏನ್ರಪ್ಪಾ, ಇಷ್ಟು ಬೆಳಿಗ್ಗೆ?"

"ಮಗೂನ ನೋಡೋಣ ಅಂತ..."

"ನಿನ್ನೆ ನೋಡಿದ್ರಲ್ಲ?"

"ಇವತ್ತು ಹೆಂಗಿದೆ ಅಂತ..."

ಒಳಗೆ ಮಂಚದ ಮೇಲೆ ಕೌದಿ ಹಾಸಿತ್ತು. ಕೆಂಪು, ಹಳದಿ, ನೀಲಿ ಚೌಕಗಳ ನಡುವೆ ಮಗು ಮುಷ್ಟಿ ಬಿಗಿದು ಮಲಗಿತ್ತು. ಕಂಪೌಂಡರ ಕಣ್ಣಿಗೆ ಆ ಕೌದಿಯ ಒಂದೊಂದು ಚೌಕದಿಂದಲೂ ಒಂದೊಂದು ಸೂಜಿ ತಲೆಯೆತ್ತಿ ನೋಡಿದಂತಾಯಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದರು.

"ನರ್ಸಮ್ಮಾ, ಈ ಕೌದಿ..."

"ಏನು ಹೇಳಲಿ ಕಂಪೌಂಡರೇ," ಎಂದರು ನರ್ಸಮ್ಮ, ಕಣ್ಣು ತುಂಬಿಕೊಂಡು. "ಇದರ ಮೇಲೆ ಹಾಕಿದ ಮೇಲೆ ನಿನ್ನೆ ಮೊದಲನೇ ಸಲ ಮಗು ನಿದ್ದೆ ಮಾಡ್ತು. ನಾನೂ ಮಾಡಿದೆ."

ತೆರೆದ ಬಾಯಿ ಹಾಗೇ ಉಳಿಯಿತು. ಅಷ್ಟರಲ್ಲಿ ಮಗು ಮುಖ ಕಿವುಚಿತು. ಕಾಲು ಒದ್ದುಕೊಂಡು ಕಿಟಾರನೆ ಕಿರುಚಿತು.

"ಎತ್ತಿಕೊಳ್ಳಿ!" ಕಂಪೌಂಡರು ಕಿರುಚಿದ್ದು ಮಗುವಿಗಿಂತ ಜೋರಾಗಿತ್ತು. ನರ್ಸಮ್ಮ ಗಾಬರಿಯಿಂದ ಮಗುವನ್ನು ಎತ್ತಿಕೊಂಡರು. ಕಂಪೌಂಡರು ಮಗುವಿನ ಬೆನ್ನು ನೋಡಿದರು, ತೊಡೆ ನೋಡಿದರು. ಒಂದು ಗೀರೂ ಇಲ್ಲ.

"ಹಸಿವು ಅಷ್ಟೇ" ಎಂದರು ನರ್ಸಮ್ಮ, ಇವರ ಕಡೆ ವಿಚಿತ್ರವಾಗಿ ನೋಡುತ್ತ.

ಮಗುವನ್ನು ಮತ್ತೆ ಅಲ್ಲಿಯೇ ಮಲಗಿಸಿದರೆ? ಯೋಚಿಸಲು ಹೊತ್ತಿರಲಿಲ್ಲ. ಕಂಪೌಂಡರು ತಾವೇ ಹೋಗಿ ಕೌದಿಯ ನಟ್ಟನಡುವೆ ಕೂತುಬಿಟ್ಟರು. ಚುಚ್ಚುವುದಿದ್ದರೆ ತಮಗೇ ಚುಚ್ಚಲಿ. ಕೂತು ಮೆಲ್ಲಗೆ ಎಡಕ್ಕೆ ಸರಿದರು. ಬಲಕ್ಕೆ ಸರಿದರು. ಆಮೇಲೆ ಧೈರ್ಯ ಮಾಡಿ ಮಲಗಿ ಒಂದು ಉರುಳು ಉರುಳಿದರು.

ಅತ್ತೆ ಸೊಸೆಯ ಕಿವಿಯಲ್ಲಿ ಹೇಳಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. "ಇವರು ಮೊದಲಿಂದ್ಲೂ ಹಿಂಗೇನಾ?"

"ಬೆನ್ನು ನೋವು," ಎಂದರು ಕಂಪೌಂಡರು, ಚಾವಣಿ ನೋಡುತ್ತ. "ಕೌದಿ ಮೇಲೆ ಉರುಳಿದ್ರೆ ಹಾಯಾಗುತ್ತೆ."

"ಅದಕ್ಕೆ ನಿಮ್ಮನೇಲಿ ಕೌದಿ ಇಲ್ವಾ?"

ಕಂಪೌಂಡರು ಏಳಲಿಲ್ಲ. ಎದ್ದರೆ ಮಗು ಬಂತು ಎಂದೇ ಅರ್ಥ. ಚಹಾ ಬಂತು, ಕುಡಿದರು. ಗಡಿಯಾರ ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಕೊನೆಗೆ ಅತ್ತೆಯ ತಾಳ್ಮೆ ಹರಿಯಿತು. "ಕೂತಿದೀರಲ್ಲ, ಮಗೂನಾದ್ರೂ ಹಿಡ್ಕೊಳ್ಳಿ. ನಮಗೂ ಕೆಲಸ ಇದೆ" ಎಂದು ಮಗುವನ್ನು ತಂದು ಅವರ ತೊಡೆಯ ಮೇಲೆ ಇಟ್ಟರು. ಮಗು ಇವರ ಮುಖವನ್ನೇ ದಿಟ್ಟಿಸಿತು. ಆಮೇಲೆ ನಿಶ್ಚಿಂತೆಯಿಂದ ಇವರ ಪಂಚೆ, ಕೌದಿ ಎರಡನ್ನೂ ಒಟ್ಟಿಗೇ ತೋಯಿಸಿತು.

ಇಷ್ಟು ಸಂತೋಷದಿಂದ ಯಾವ ಗಂಡಸೂ ಒದ್ದೆಯಾಗಿರಲಿಕ್ಕಿಲ್ಲ. "ಭೇಷ್ ಮಗಳೇ!" ಎಂದು ಕಂಪೌಂಡರು ಜಿಗಿದೆದ್ದರು. "ನಾನೇ ಒಗೆದು ತರ್ತೀನಿ, ನೀವು ಏನೂ ಮಾಡಬೇಡಿ!" ಎನ್ನುತ್ತ ಕೌದಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಿದರು. ಕಿಟಕಿಯಿಂದ ಅತ್ತೆ ಬಗ್ಗಿ ನೋಡುತ್ತಲೇ ಇದ್ದರು.

ಮನೆಗೆ ಬಂದು ಪಂಚೆ ಬದಲಾಯಿಸಿ ಊಟಕ್ಕೆ ಕೂತು ಅನ್ನವನ್ನು ಬೆರಳಿಂದ ಕೆದಕತೊಡಗಿದರು.

"ಏನ್ರೀ, ತಟ್ಟೇಲಿ ಏನು ಹುಡುಕ್ತಿದೀರ?" ಎಂದರು ಹೆಂಡತಿ.

"ಸೂಜಿ" ಎಂದು ಬಾಯಿಗೆ ಬಂದುಬಿಟ್ಟಿತು. ಮೂರನೆಯ ಸಲ ಗುಟ್ಟು ಹೊರಬಿತ್ತು.

ಹೆಂಡತಿ ಹಣೆ ಚಚ್ಚಿಕೊಂಡರು. "ಎದೆ ಬಡಿತ ಕಡಿಮೆ ಆಗ್ಲಿ ಅಂತ ಹೋದೋರು ಇದನ್ನ ಅಂಟಿಸ್ಕೊಂಡ್ರಾ! ಆ ಟೀಚರಮ್ಮನಿಗೇ ಹೇಳಬಾರ್ದಾ?"

"ಅವರಿಗೆ ಮಾತ್ರ ಬೇಡ ಮಾರಾಯ್ತಿ. ನನ್ನನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತಾರೆ."

ಮಧ್ಯಾಹ್ನವೆಲ್ಲ ಹಿತ್ತಿಲಲ್ಲಿ ಕೂತು ಕೌದಿಯನ್ನು ಬೆರಳಿಂದ ಹಿಚುಕಿದರು, ಬಿಸಿಲಿಗೆ ಹಿಡಿದರು, ಕೆನ್ನೆಗೆ ಒತ್ತಿ ನೋಡಿದರು. ಕೊನೆಗೆ ಒಂದು ಅಂಚು ಬಿಚ್ಚಿ, ಒಳಗಿನ ಹತ್ತಿಯನ್ನು ಒಂದೊಂದೇ ಹಿಡಿಯಾಗಿ ಹೊರಗೆ ಎಳೆದು ಬಿಡಿಸಿದರು. ಗಾಳಿಗೆ ಅರ್ಧ ಹತ್ತಿ ಹಾರಿ ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗೆಲ್ಲ ಗಡ್ಡ ಬಂತು. ಸೂಜಿ ಮಾತ್ರ ಇಲ್ಲ. ಇಲ್ಲವೆಂದರೆ ಎಲ್ಲಿ? ಮಗುವಿನ ಅಂಗಿಗೆ ಸಿಕ್ಕಿಕೊಂಡಿತೆ? ಹಾಸಿಗೆಗೆ ಇಳಿಯಿತೆ? ಮಗ್ಗದ ಕೊಕ್ಕೆಯಾಗಿದ್ದರೆ ಗೇಣುದ್ದ ಇರುತ್ತದೆ, ಯಾರ ಬೆನ್ನ ಕೆಳಗೂ ಅಡಗಿ ಕೂರುವುದಿಲ್ಲ. ಸುಮ್ಮನೆ ಟೋಪಿ ಹೆಣೆದುಕೊಂಡು ಇರಬಾರದಿತ್ತೆ ನಾನು!

ಐದು ಗಂಟೆಗೆ, ಸೀಳಿದ ಕೌದಿಯನ್ನು ಹೊತ್ತು ಕೋಣೆಗೆ ಹೋದರು. ಜೊತೆಗೆ ಹೆಂಡತಿಯೂ ಬಂದರು, ಬಿದ್ದರೆ ಹಿಡಿಯಲು ಒಬ್ಬರಿರಲಿ ಎಂದು. ಬೇಕರಿಯಕ್ಕ, ಮಹಡಿ ಅಜ್ಜಿ ಆಗಲೇ ಕೂತಿದ್ದರು. ಟೀಚರಮ್ಮ ಕೌದಿಯ ಕಡೆ ನೋಡಿದರು, ಕಂಪೌಂಡರ ತಲೆಯಲ್ಲಿ ಸಿಕ್ಕಿಕೊಂಡಿದ್ದ ಹತ್ತಿಯ ಕಡೆ ನೋಡಿದರು.

"ಏನಿದು?"

ಕಂಪೌಂಡರು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು.

"ಎಣಿಸಿ ನೋಡೋಣ" ಎಂದರು ಟೀಚರಮ್ಮ.

ಸೂಜಿದಿಂಬಿನ ಮೇಲೆ ಬೆರಳಿಟ್ಟು ಕಂಪೌಂಡರು ಎಣಿಸಿದರು. ಹತ್ತು, ಹನ್ನೊಂದು... ಹನ್ನೆರಡು! ಎದೆ ಹೂವಾಯಿತು. ಆದರೆ ಬೆರಳು ನಿಲ್ಲಲಿಲ್ಲ. ಹದಿಮೂರು. ಹದಿನಾಲ್ಕು.

"ಹದಿನಾಲ್ಕಾ?" ಎಂದರು ಟೀಚರಮ್ಮ.

ಬೇಕರಿಯಕ್ಕ ಕಿಟಕಿಯಾಚೆ ನೋಡತೊಡಗಿದರು. ಅಜ್ಜಿ ಸೆರಗಿನ ಅಂಚು ಸರಿಮಾಡಿಕೊಂಡರು. ಕಂಪೌಂಡರ ಹೆಂಡತಿ ಕೆಮ್ಮಿದರು.

"ನಾನೇ ಒಂದು ಚುಚ್ಚಿಟ್ಟೆ," ಎಂದರು ಬೇಕರಿಯಕ್ಕ. "ಪಾಪ, ರಸ್ತೇಲಿ ಅಳೋ ಹಾಗಿದ್ರು."

"ಊಟ ಬಿಟ್ಟಿದ್ರಲ್ಲ, ಅದಕ್ಕೆ ಮಧ್ಯಾಹ್ನ ಬಂದು ನಾನೂ..." ಎಂದರು ಹೆಂಡತಿ.

"ನಾನೂ ಒಂದು ಇಟ್ಟೆ ಮಗಾ" ಎಂದರು ಅಜ್ಜಿ.

ಹದಿನಾಲ್ಕರಲ್ಲಿ ಮೂರು ಹೋದರೆ ಹನ್ನೊಂದು. ಕಂಪೌಂಡರು ಗೋಡೆಗೆ ಒರಗಿ ಕುಸಿದರು. "ಹಂಗಾದ್ರೆ ಅದು ಮಗು ಹತ್ರಾನೇ ಇದೆ!"

"ಎಲ್ಲೂ ಇಲ್ಲ," ಎಂದರು ಟೀಚರಮ್ಮ. "ನಮ್ಮ ಹತ್ರ ಇರೋದೇ ಹನ್ನೊಂದು. ಐದು ವಾರದ ಹಿಂದೆ ಒಂದು ಸೂಜಿ ನನ್ನ ಕೈಯಲ್ಲೇ ಮುರೀತು, ಕಾಗದದಲ್ಲಿ ಸುತ್ತಿ ಎಸೆದೆ. ಅವತ್ತಿಂದ ಕಾಯ್ತಾ ಇದೀನಿ, ಕಂಪೌಂಡರು ಯಾವತ್ತು ಹನ್ನೊಂದು ಅಂತಾರೆ ಅಂತ. ದಿನಾ ಸಂಜೆ ಗಂಟೆ ಹೊಡೆದ ಹಾಗೆ ಹನ್ನೆರಡು ಅಂತ ಕೂಗ್ತೀರಲ್ರೀ!"

ಬೇಕರಿಯಕ್ಕ ಗೊಳ್ಳೆಂದು ನಕ್ಕರು. ಕಂಪೌಂಡರಿಗೆ ನಾಚಿಕೆ ಮೈತುಂಬ ಹರಿದರೂ ಅದರ ಹಿಂದೆಯೇ ಬಂದ ನೆಮ್ಮದಿಗೆ ಕಣ್ಣಲ್ಲಿ ನೀರು ಬಂತು. ಮಗುವಿಗೆ ಏನೂ ಆಗಿಲ್ಲ. ಆಗುವುದೂ ಇಲ್ಲ. ತಪ್ಪಾಯಿತು ಎಂದು ಟೀಚರಮ್ಮನಿಗೆ ಕೈ ಮುಗಿದರು. ಇಡೀ ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

"ನೋಡಿದ್ಯಾ," ಎಂದರು ಮಹಡಿ ಅಜ್ಜಿ, ಸೂಜಿಗೆ ದಾರ ಪೋಣಿಸುತ್ತ. "ಸರಿಹೋಗುತ್ತೆ ಅಂತ ಬೆಳಿಗ್ಗೇನೇ ಹೇಳ್ಲಿಲ್ವಾ? ಸುಮ್ನೆ ಹೆದ್ರುತಾನೆ ಅಂತಾನೇ ನಾನು ಯಾವತ್ತೂ ಇವನಿಗೆ ಗೊತ್ತು ಮಾಡಲ್ಲ."

"ಏನು ಗೊತ್ತು ಮಾಡಲ್ಲ, ಅಜ್ಜಿ?" ಎಂದರು ಟೀಚರಮ್ಮ.

"ವಯಸ್ಸಾಯ್ತಲ್ವಾ, ಹೊಲೀತಾ ಹೊಲೀತಾ ಸೂಜಿ ಎಲ್ಲೋ ಹೋಗಿಬಿಡುತ್ತೆ. ಹುಡುಕಿದ್ರೂ ಸಿಗಲ್ಲ. ಮೇಲೆ ಹೋಗಿ ನನ್ನ ಡಬ್ಬಿಯಿಂದ ಒಂದು ತಂದು ಚುಚ್ಚಿಡ್ತೀನಿ. ಲೆಕ್ಕ ಸರಿ ಇರುತ್ತೆ, ಇವನ ಜೀವಕ್ಕೂ ತಂಪು."

ಬೇಕರಿಯಕ್ಕನ ನಗು ಅರ್ಧದಲ್ಲೇ ನಿಂತಿತು. ಯಾವತ್ತೂ ಬಣ್ಣಗೆಡದ ಟೀಚರಮ್ಮನ ಮುಖ ಬಿಳಿಚಿತು. "ಎಷ್ಟು ಸಲ ಹಾಗೆ ಮಾಡಿದೀರಿ?"

"ಜಾಸ್ತಿ ಏನಿಲ್ಲ. ಮೂರೋ ನಾಲ್ಕೋ."

"ಯಾವ ಕೌದಿ ಹೊಲಿಯುವಾಗ?"

"ಅದೆಲ್ಲ ಯಾರಿಗೆ ನೆನಪಿರುತ್ತೆ ತಾಯಿ?"

ಈ ಋತುವಿನಲ್ಲಿ ಹದಿನೇಳು ಕೌದಿ ಆ ಹೊಸಿಲು ದಾಟಿದ್ದವು. ಮಕ್ಕಳ ಆಸ್ಪತ್ರೆಗೆ ಆರು. ಅನಾಥಾಲಯಕ್ಕೆ ನಾಲ್ಕು. ಉಳಿದವು ಊರಿನ ಯಾವ್ಯಾವುದೋ ಮಂಚದ ಮೇಲೆ, ಯಾರ್ಯಾರದೋ ಬೆನ್ನಿನ ಕೆಳಗೆ. ಪ್ರತಿಯೊಂದಕ್ಕೂ ಕಂಪೌಂಡರು ಗಟ್ಟಿಯಾಗಿ ಹನ್ನೆರಡು ಎಂದು ಕೂಗಿ ಕಳಿಸಿದ್ದರು.

ಬೇಕರಿಯಕ್ಕನೇ ಮೊದಲು ಬಾಯಿ ಬಿಟ್ಟದ್ದು. ಅವರ ದನಿ ಅಷ್ಟು ಸಣ್ಣಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

"ಒಂದು ನಮ್ಮನೇಲೂ ಇದೆ. ಹದಿನೈದು ದಿನದಿಂದ ನಮ್ಮೆಜಮಾನರು ಬೆನ್ನಲ್ಲಿ ಏನೋ ಚುಚ್ಚುತ್ತೆ ಚುಚ್ಚುತ್ತೆ ಅಂತಾರೆ. ವಾಯು ಇರಬೇಕು ಅಂತ... ಕಂಪೌಂಡರೇ, ಮುಲಾಮು ನೀವೇ ಅಲ್ವಾ ಕೊಟ್ಟಿದ್ದು? ದಿನಕ್ಕೆ ಮೂರು ಸಲ ಆ ಕೌದಿ ಮೇಲೇ ಮಲಗಿಸಿ ಚೆನ್ನಾಗಿ ಒತ್ತಿ ತಿಕ್ಕಿ ಅಂದ್ರಲ್ಲ?"

ಕಂಪೌಂಡರು ಮೆಲ್ಲಗೆ ಬಾಗಿಲ ಕಡೆ ತಿರುಗಿದರು. ರಸ್ತೆಯಾಚೆಯಿಂದ ಬೇಕರಿಯಕ್ಕನ ಯಜಮಾನರು ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹಿಂಡಿ ಖಾಲಿಯಾದ ಮುಲಾಮಿನ ಟ್ಯೂಬು ಹಿಡಿದುಕೊಂಡು, ನೇರ ಇತ್ತಲೇ ಬರುತ್ತಿದ್ದರು.