ಏಳನೆಯ ಲೋಟದ ಇಂಗು

ನಮ್ಮ ಸೋದರಮಾವ ಬರುವುದು ಮೊದಲು ನಮ್ಮ ಕಣ್ಣಿಗಲ್ಲ, ಮೂಗಿಗೆ ಗೊತ್ತಾಗುತ್ತದೆ. ಅವರಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅವರ ಜೇಬಿನ ಇಂಗು ನಮ್ಮ ಹೊಸ್ತಿಲು ದಾಟಿರುತ್ತದೆ. ಉತ್ಪ್ರೇಕ್ಷೆ ಎನ್ನುತ್ತೀರಾ? ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಸುಳ್ಳು ಹೇಳಬಾರದು. ಸ್ವಲ್ಪ ಉತ್ಪ್ರೇಕ್ಷೆಯೇ.

ಮಾವ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಇಂಗಿನ ಡಬ್ಬಿ ಹಿಡಿದು, ಕರೆದ ಶಾಲೆಗೂ ಕರೆಯದ ಶಾಲೆಗೂ ಹೋಗಿ ಅಣುವಿನ ಪಾಠ ಮಾಡುತ್ತಾರೆ. ಮೇಜಿನ ಮೇಲೆ ಏಳು ಲೋಟ. ಮೊದಲನೆಯದರಲ್ಲಿ ಚಿಟಿಕೆ ಇಂಗು ಕದಡಿದ ನೀರು. ಅದರಿಂದ ಒಂದು ಚಮಚ ಎರಡನೆಯ ಲೋಟದ ನೀರಿಗೆ, ಎರಡನೆಯದರಿಂದ ಒಂದು ಚಮಚ ಮೂರನೆಯದಕ್ಕೆ, ಹೀಗೆ ಆರರವರೆಗೆ ಮೊದಲೇ ತಯಾರು ಮಾಡಿಟ್ಟಿರುತ್ತಾರೆ. ಮಕ್ಕಳು ಒಂದೊಂದನ್ನೇ ಮೂಸಿ, ವಾಸನೆ ಬಂದರೆ ಕೈ ಎತ್ತಬೇಕು. ಇಂಗು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿದೆ ಎನ್ನುವುದಕ್ಕೆ ಆ ಕೈಗಳೇ ಸಾಕ್ಷಿ. ಏಳನೆಯದರಲ್ಲಿ ಮಾತ್ರ ಬರಿಯ ನೀರು. ಅದು ಸುಮ್ಮಸುಮ್ಮನೆ ಕೈ ಎತ್ತುವವರನ್ನು ಹಿಡಿಯಲು.

ಐದನೆಯ ತರಗತಿಯಲ್ಲಿ ನಾನು ಅದಕ್ಕೂ ಕೈ ಎತ್ತಿದ್ದೆ. ವಾಸನೆ ನಿಜವಾಗಿ ಬಂದಿತ್ತೇ? ಬಂದಿತ್ತು ಎಂದು ಒಂದು ನೆನಪು, ಇಲ್ಲವೆಂದು ಇನ್ನೊಂದು. ಆ ದಿನ ಮಾವ ನಕ್ಕು ನನ್ನ ತಲೆ ಸವರಿದ್ದರಿಂದಲೇ ನಾನು ವಿಜ್ಞಾನ ಓದಿದ್ದು. ಅಂದರೆ ನನ್ನ ಪದವಿಗಳೆಲ್ಲ ಅನುಮಾನದ ಒಂದು ಕೈಯ ಮೇಲೆ ನಿಂತಿವೆ!

ಹೋದ ತಿಂಗಳು ಬಿ.ದುರ್ಗದ ಶಾಲೆಗೆ ನನ್ನನ್ನೂ ಎಳೆದುಕೊಂಡು ಹೊರಟರು. ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದೊಡನೆ ಕಂಡಕ್ಟರ್ ಮೂಗು ಮುಚ್ಚಿಕೊಂಡ.

“ಮೇಷ್ಟ್ರೇ, ಒಗ್ಗರಣೆ ಸಾಮಾನು ಮೇಲಕ್ಕೆ ಹಾಕ್ರಿ.”

“ಡಬ್ಬಿ ಮುಚ್ಚೇ ಐತಪ್ಪ. ಅಣುಗಳು ತಾವಾಗೇ ಓಡಾಡ್ತಾವೆ.”

“ಓಡಾಡ್ಲಿ. ಅವಕ್ಕೆ ಟಿಕೆಟ್ ಯಾರು ತಗಂತಾರೆ?”

ಬಸ್ಸೆಲ್ಲ ನಕ್ಕಿತು. ಮಾವ ಮಾತ್ರ ನನ್ನ ಕಡೆ ತಿರುಗಿ, “ಅಷ್ಟೊಂದು ಬರ್ತೈತಾ?” ಎಂದರು. ಆ ಪ್ರಶ್ನೆ ನನಗೆ ವಿಚಿತ್ರ ಅನಿಸಲಿಲ್ಲ. ಅನಿಸಬೇಕಿತ್ತು.

ಶಾಲೆಯಲ್ಲಿ ಬಿಸಿಯೂಟದ ಅಡುಗೆಕೋಣೆಯಿಂದ ಲೋಟ ತರಿಸಿದರು. ಪಾಠ ಸೊಗಸಾಗಿ ಸಾಗಿತು. ಆರನೆಯ ಲೋಟದ ಹೊತ್ತಿಗೆ ಎರಡೇ ಕೈ ಉಳಿದಿದ್ದವು. ಏಳನೆಯದು ಸುತ್ತು ಬಂದಾಗ ನೋಡಿದರೆ ಇಡೀ ತರಗತಿಯ ಕೈ ಮೇಲೆ!

ಮಾವನ ಮುಖ ಬಾಡಿತು. “ಸುಳ್ಳು ಹೇಳ್ತೀರೇನ್ರಪ್ಪ? ಅದ್ರಾಗೆ ಏನೂ ಇಲ್ಲ.”

ಎಲ್ಲರ ಕೈ ಇಳಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಇಳಿಸಲಿಲ್ಲ. ಕಣ್ಣು ತುಂಬಿಕೊಂಡಿದ್ದಳು.

“ನಾನು ಸುಳ್ಳು ಹೇಳಿಲ್ಲ ಸರ್. ನೀವೇ ಮೂಸಿ ನೋಡ್ರಿ.”

ಮಾವ ಲೋಟವನ್ನು ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ನನ್ನ ಕೈಗಿತ್ತರು.

ಗಮ್ಮೆಂದಿತು. ಸರಿಯಾಗಿ ತೊಳೆಯದ ಲೋಟ. ತಳದಲ್ಲಿ ಹಿಂದಿನ ದಿನದ ಸಾಂಬಾರು, ಸಾಂಬಾರಿನಲ್ಲಿ ಇಂಗು.

“ಐತೆ ಮಾವ,” ಎಂದೆ. “ಸಾಂಬಾರಿಂದು.”

ಮಾವ ಮಕ್ಕಳ ಕಡೆ ತಿರುಗಿದರು. “ಈ ಹುಡುಗಿ ಹೇಳಿದ್ದೇ ನಿಜ. ತಪ್ಪು ನಂದು. ಹೋದ ವರ್ಷ ಜ್ವರ ಬಂದಾಗಿಂದ ನನ್ನ ಮೂಗಿಗೆ ಏನೂ ಗೊತ್ತಾಗಲ್ಲ ಕಣ್ರಪ್ಪ.”

ಒಂದು ವರ್ಷದಿಂದ ಅವರ ಜೇಬಿನ ಘಮಲು ಯಾಕೆ ಹೆಚ್ಚುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು. “ಹಂಗಾದ್ರೆ ನಿಮ್ಮ ಪಾಲಿಗೆ ಇಂಗೇ ಇಲ್ವಾ ಸರ್?”

“ಐತೆ ಕಣವ್ವ. ನನ್ನ ಮೂಗಿಗೆ ಬರಲ್ಲ, ಅಷ್ಟೇ. ಇವತ್ತಿನ ಪಾಠ ಅದೇ ಅನ್ಕ.”

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಮಾವ, ಐದನೇ ಕ್ಲಾಸಲ್ಲಿ ನಾನು ಏಳನೇದಕ್ಕೆ ಕೈ ಎತ್ತಿದ್ನಲ್ಲ, ಆ ಲೋಟನೂ ತೊಳೆದಿರ್ಲಿಲ್ವಾ?”

“ಅವತ್ತು ನನಗೆ ಮೂಗಿತ್ತಪ್ಪ. ಮೂಸಿದ್ದೆ. ಬರೀ ನೀರು.”

“ಮತ್ಯಾಕೆ ಬೈಲಿಲ್ಲ?”

“ಎಲ್ಲಾರೂ ಕೈ ಇಳಿಸಿದ್ರೂ ನಿಂದೊಂದು ಮೇಲಿತ್ತು. ಪಾಠ ಮುಗೀಬಾರ್ದು ಅಂತ ಎತ್ತಿದೀಯ ಅನ್ಕಂಡೆ.”

ಸ್ವಲ್ಪ ದೂರ ಹೋದ ಮೇಲೆ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಹಿಡಿದರು. ಪಕ್ಕದವರು ಕಿಟಕಿಯತ್ತ ಸರಿದರು.

“ಐತಾ?”

“ಐತೆ ಮಾವ.”

ಹೊಳಲ್ಕೆರೆ ಬರುವಷ್ಟರಲ್ಲಿ ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ನಾನು ಮೂಸಿ ನೋಡಿಯೇ ಹೇಳಿದೆ.